ಪಾರಾ ಕಾಯಲು ಹೋದವನು

ಅವ್ವನಿಗೆ ಹೇಳುವುದಿಲ್ಲ ಎಂದು ಯಮನಮ್ಮ ತಮ್ಮನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಇವತ್ತು ಬೆಳಿಗ್ಗೆ ಆ ಮಾತಿಗಾಗಿಯೇ ಆಕೆ ಸೆರಗು ಸೊಂಟಕ್ಕೆ ಸಿಗಿಸಿ, ಕಮಲಾಪುರದ ತವರುಮನೆಯ ಮುಂದೆ ಬೇವಿನ ಮರಕ್ಕೆ ಕಟ್ಟಿದ್ದ ಮೈಕಿನ ವಯರನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಳು.

“ಏ ಯಮನವ್ವಾ, ಕರೆಂಟ್ ಹೊಡದೀತಬೇ!” ಕಟ್ಟೆಯ ಮೇಲೆ ಕೂತಿದ್ದ ಭಾಗಪ್ಪ ಕಾಕಾ ಎದ್ದು ಓಡಿ ಬಂದರು. ಶ್ರದ್ಧಾಂಜಲಿಗೆಂದು ಮೈಕು ತರಿಸಿದವರು ಅವರೇ. ಓಣಿಗೆ ಹಿರಿಯರು.

“ಹೊಡೀಲಿ. ಮೈಕಿನ್ಯಾಗ ಕಮಾಂಡೊ ಅನಬ್ಯಾಡ್ರಿ ಕಾಕಾ. ವಿಮಾನ ಅನಬ್ಯಾಡ್ರಿ, ಕಾಶ್ಮೀರ ಅನಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

“ಮತ್ತೇನನ್ಲಿ? ನಿನ್ನ ತಮ್ಮ ಅಮೋಘಪ್ಪ ಬಾಳೆಹಣ್ಣ ಮಾರಾಕ ಹೋಗಿದ್ನೇನು? ಪೇಪರಿನ್ಯಾಗ ಫೋಟೊ ಬಂದದ. ಇಡೀ ಜಿಲ್ಲಾಕ್ಕ ಗೊತ್ತದ.”

“ಜಿಲ್ಲಾಕ್ಕ ಗೊತ್ತಿರ್ಲಿ. ಅವ್ವಗ ಗೊತ್ತಿಲ್ಲ.”

ಭಾಗಪ್ಪ ಬಾಗಿಲ ಕಡೆ ನೋಡಿದರು. ಒಳಗಿನಿಂದ ಅವ್ವ ದುಂಡಮ್ಮನ ದನಿ ಕೇಳಿಸುತ್ತಿತ್ತು. ಕಣ್ಣಿಗೆ ಪೊರೆ ಬಂದು ನೆರಳು ಬೆಳಕಷ್ಟೇ ಕಾಣುವ ಆ ಮುದುಕಿ ಗೋಡೆಗೆ ಒರಗಿ ಕೂತು, ಪಕ್ಕದ ಮನೆಯ ರೇವಮ್ಮನಿಗೆ ಹೇಳುತ್ತಿದ್ದಳು: “ಎದಿ ನೋವು ಬಂತಂತ. ಗೇಟಿನ್ಯಾಗ ನಿಂತಾಂವ ನಿಂತಂಗೇ ಕುಂತನಂತ.”

ಹಾಗೆಂದು ಹೇಳಿದವಳು ಯಮನಮ್ಮನೇ. ಮೊನ್ನೆ ಕಪನೂರಿನ ಬೇಳೆ ಮಿಲ್ಲಿನ ಆಫೀಸಿಗೆ ಫೋನು ಬಂದಾಗ ಆಕೆ ಮೊರ ಹಿಡಿದು ನಿಂತಿದ್ದಳು. ಸುದ್ದಿ ಕೇಳಿ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ. ಕೋಟನೂರಿನ ತನ್ನ ಮನೆಗೂ ಹೋಗದೆ, ಮಿಲ್ಲಿನ ಧೂಳು ಮೈಮೇಲೆ ಇದ್ದಂತೆಯೇ ಬಸ್ಸು ಹತ್ತಿದ್ದಳು. ಬೇರೆಯವರ ಬಾಯಿಂದ ಅವ್ವನಿಗೆ ಗೊತ್ತಾಗಬಾರದು, ಅಷ್ಟೇ ತಲೆಯಲ್ಲಿತ್ತು.

ಅಪ್ಪ ಹುಣಸೆಕಾಯಿ ಬಡಿಯಲು ಮರ ಹತ್ತಿದವನು ಅವ್ವನ ಕಣ್ಣೆದುರೇ ಬಿದ್ದಿದ್ದ. ಬೆನ್ನು ಮುರಿದುಕೊಂಡು ಮೂರು ದಿನ ನರಳಿ ಸತ್ತ. ಅಂದಿನಿಂದ ದುಂಡಮ್ಮ ಮಕ್ಕಳಿಬ್ಬರನ್ನೂ ಮಾಳಿಗೆಯ ಮೆಟ್ಟಿಲು ತುಳಿಯಗೊಡಲಿಲ್ಲ. ಈಗಲೂ ಯಾರಾದರೂ ಏಣಿ ಹತ್ತಿದರೆಂದು ಕೇಳಿದರೆ ಸಾಕು, ಎದೆ ಹಿಡಿದುಕೊಂಡು ಬೆವರುತ್ತಾಳೆ. ಎದೆ ಬಹಳ ಸೋತಿದೆ, ಜೋಪಾನ ಎಂದು ಹೋದ ವರ್ಷ ಕಲಬುರಗಿಯ ಡಾಕ್ಟರು ಬೇರೆ ಹೇಳಿದ್ದರು. ಅಂಥವಳಿಗೆ, ನಿನ್ನ ಮಗ ಇಷ್ಟು ವರ್ಷ ವಿಮಾನದಿಂದ ಜಿಗಿಯುತ್ತಿದ್ದ, ಕಾಡಿನಲ್ಲಿ ಗುಂಡು ತಿಂದು ಸತ್ತ ಎಂದು ಯಾರು ಹೇಳುವುದು?

“ಒಂದ ಹೆಣ ಸಾಕು ಕಾಕಾ,” ಎಂದಳು ಯಮನಮ್ಮ. “ಎರಡು ಬ್ಯಾಡ.”

ಭಾಗಪ್ಪ ತಾವೇ ವಯರು ಸುತ್ತಿದರು.

*

ಅಮೋಘಪ್ಪನ ದನಿ ಕಮಲಾಪುರದ ಮಣ್ಣಲ್ಲಿ ಹುಟ್ಟಿದ್ದಾದರೂ ತಿದ್ದಿದವರು ಕಲಬುರಗಿಯ ಕರೀಂಸಾಬರು. ಹಾರ್ಮೋನಿಯಂ ರಿಪೇರಿಯ ಸಣ್ಣ ಅಂಗಡಿ ಅವರದು. ಹಿಂದಿನ ಕೋಣೆಯಲ್ಲಿ ಪಾಠ. ಆರು ವರ್ಷ ಅಮೋಘಪ್ಪ ಅವರ ಮುಂದೆ ಕೂತ. ಹದಿನೆಂಟಕ್ಕೆ ರೇಡಿಯೊದಲ್ಲಿ ಹಾಡಿದ. ಮದುವೆ, ಉರುಸು, ಗಣೇಶನ ಪೆಂಡಾಲು ಎಲ್ಲ ಕಡೆ ಅವನಿಗೇ ಕರೆ. ಸೊಲ್ಲಾಪುರದ ಕ್ಯಾಸೆಟ್ ಕಂಪನಿಯೊಂದು ಮುಂದಿನ ತಿಂಗಳು ಬಾ ಎಂದಿತ್ತು. ರೇಡಿಯೊದಲ್ಲಿ ಮಗನ ಹೆಸರು ಹೇಳುವ ದಿನ ದುಂಡಮ್ಮ ಮುಂಜಾನೆಯೇ ತಲೆಗೆ ಎರೆದುಕೊಂಡು ರೇಡಿಯೊಕ್ಕೆ ಊದಿನಕಡ್ಡಿ ಬೆಳಗುತ್ತಿದ್ದಳು.

ಎಂಬತ್ತೆಂಟರಲ್ಲಿ ಕಲಬುರಗಿಗೆ ಮಿಲಿಟರಿಯವರು ಭರ್ತಿಗೆ ಬಂದರು. ಯಾವುದೋ ಕಾರ್ಯಕ್ರಮಕ್ಕೆಂದು ಹೊರಟಿದ್ದ ಅಮೋಘಪ್ಪ ಹಾರ್ಮೋನಿಯಮ್ಮನ್ನು ಗುರುಗಳ ಅಂಗಡಿಯಲ್ಲಿಟ್ಟು, ಹೋಗಿ ಸಾಲಿನಲ್ಲಿ ನಿಂತ. ಓಡು ಎಂದರು, ಓಡಿದ. ಹಾಡುಗಾರನೆಂದು ತಿಳಿದು ಬ್ಯಾಂಡಿಗೆ ಹಾಕುತ್ತೇವೆ ಎಂದರಂತೆ. ಇವನೇ ಒಲ್ಲೆನೆಂದ.

ಒಂದೂವರೆ ವರ್ಷದ ಮೇಲೆ ಪತ್ರ ಬಂತು. ಅಂಚೆಯವನೇ ಓದಿ ಹೇಳಿದ: ಪಾರಾ ಪಲ್ಟನ್ನಿಗೆ ನಾನೇ ಹೆಸರು ಕೊಟ್ಟಿದ್ದೆ, ಕಠಿಣ ಪರೀಕ್ಷೆ ಇತ್ತು, ಪಾಸಾದೆ, ಎಲ್ಲರಿಗೂ ಸಿಗುವುದಿಲ್ಲ.

“ಪಾರಾ?” ದುಂಡಮ್ಮನಿಗೆ ಗೊತ್ತಿದ್ದ ಪಾರಾ ಒಂದೇ, ಕಾವಲು. ರಾತ್ರಿ ಹೊಲದ ಪಾರಾ, ಗೋದಾಮಿನ ಪಾರಾ, ಸಾಹುಕಾರರ ಬಾಗಿಲ ಪಾರಾ. “ಪಾರಾ ಕಾಯಾಕ ಪರೀಕ್ಷಾ ಬ್ಯಾರೆ! ಹಾಡೋ ಕೂಸು ಯಾರದೋ ಬಾಗಿಲು ಕಾಯಾಕ ಹೋಯ್ತಲ್ಲೋ ಶಿವನೇ!”

ಅಂದೇ ರೇಡಿಯೊವನ್ನು ರೇವಮ್ಮನ ಮನೆಗೆ ಕೊಟ್ಟುಬಿಟ್ಟಳು. ಮುಂದೆ ಅವನು ರಜೆಗೆ ಬಂದಾಗಲೆಲ್ಲ ಹೊಸ್ತಿಲಲ್ಲೇ ಕೇಳುತ್ತಿದ್ದಳು: “ಬಂದ್ಯಾ ಗೇಟ್ ಕಾಯಾಂವ?” ಅವನು ನಗುತ್ತ, “ಬಂದೆ ಯವ್ವಾ,” ಎಂದು ಬೂಟು ಬಿಚ್ಚುತ್ತಿದ್ದ.

*

ಹೈದರಾಬಾದಿನಿಂದ ಮಿಲಿಟರಿ ಗಾಡಿ ಬಂದಾಗ ಹೊತ್ತು ಏರಿತ್ತು. ಓಣಿಯ ತುದಿಯಲ್ಲಿ ಯಾರೋ ಕೂಗಿದರು, “ಪೆಟ್ಟಿಗಿ ಬಂತು, ಪೆಟ್ಟಿಗಿ ಬಂತು!”

ಒಳಗೆ ದುಂಡಮ್ಮ ತಟ್ಟನೆ ತಲೆಯೆತ್ತಿದಳು. ಆ ಮನೆಯಲ್ಲಿ ಹಾರ್ಮೋನಿಯಮ್ಮಿಗೆ ಪೆಟ್ಟಿಗಿ ಎಂದೇ ಹೆಸರು. “ಪೆಟ್ಟಿಗಿ ತಂದಾನೇನು? ಮತ್ತ ಹಾಡಾಕ ಚಾಲೂ ಮಾಡಿದ್ನೇನು?”

ರೇವಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಎಂಟು ಜನ ಹೊತ್ತುಕೊಂಡು ಬಂದ ಉದ್ದನೆಯ ಪೆಟ್ಟಿಗೆ ಬಾಗಿಲಲ್ಲಿ ಬೆಳಕನ್ನು ಮುಚ್ಚಿದಾಗ ಮುದುಕಿಗೆ ತಾನೇ ತಿಳಿಯಿತು.

ಜತೆಗೆ ಬಂದ ಹವಾಲ್ದಾರ ತುಕಾರಾಮ ಲಾತೂರ ಕಡೆಯವನು. ಯಮನಮ್ಮ ಅವನ ತೋಳು ಹಿಡಿದು ಮೂಲೆಗೆ ಎಳೆದಳು. ಮಿಲ್ಲಿನ ಹೆಂಗಸರಿಂದ ಕಲಿತ ಹಿಂದಿಯೆಲ್ಲ ನಾಲಿಗೆಯಲ್ಲಿ ತಡವರಿಸಿತು. “ಭೈಯ್ಯಾ, ಅಮ್ಮಾ ಕು ಕುಚ್ ಭೀ ನಕ್ಕೊ ಬೋಲೊ. ಹವಾಯಿ ಜಹಾಜ್ ಕಾ ನಕ್ಕೊ. ಗೋಲಿ ಕಾ ನಕ್ಕೊ.” ವಿಮಾನದ ಮಾತೂ ಬೇಡ, ಗುಂಡಿನ ಮಾತೂ ಬೇಡ ಎಂದು ಕೈ ಮುಗಿದಳು.

“ಅಮ್ಮಾ ಕೋ ಮಾಲೂಮ್ ನಹೀ?” ತಾಯಿಗೆ ಇಷ್ಟು ವರ್ಷ ತಿಳಿದೇ ಇಲ್ಲವೇ ಎಂದು ಅವನು ನಂಬಲಾರದೆ ನೋಡಿದ. “ಇತ್ನೇ ಸಾಲ್?”

“ನೈ ಮಾಲೂಮ್.”

ಅಷ್ಟರಲ್ಲಿ ಹಿಂದಿನಿಂದ ದುಂಡಮ್ಮ ಎಲ್ಲರಿಗೂ ಕೇಳುವಂತೆ ಅಂದಳು, “ಮಲಗಿಸಿ ಯಾಕ ಇಟ್ಟೀರಿ? ಹೊರಗ ತಗೀರಿ. ಗ್ವಾಡಿಗಿ ಕೂಡಸ್ರಿ. ನಮ್ಮ ಮಂದ್ಯಾಗ ಹಿಂಗ ಮಲಗಿಸಂಗಿಲ್ಲ.”

ಯಮನಮ್ಮ ಅವನ ತೋಳು ಬಿಟ್ಟು ಪೆಟ್ಟಿಗೆಯ ಬಳಿ ಬಂದಳು. ಸತ್ತವರನ್ನು ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿ ಭಜನೆ ಮಾಡುವುದು ಮನೆಯ ಪದ್ಧತಿ. ಕೂರಿಸಬೇಕಾದರೆ ಮುಚ್ಚಳ ತೆಗೆಯಬೇಕು. ತೆಗೆದರೆ ಅವ್ವ ಮುಟ್ಟುತ್ತಾಳೆ. ಕಣ್ಣಿಲ್ಲದವಳ ಬೆರಳು ಮುಖದಿಂದ ಕೊರಳಿಗೆ, ಕೊರಳಿಂದ ಎದೆಗೆ ಇಳಿಯುತ್ತವೆ.

“ತಗೀಬಾರ್ದಂತ ಯವ್ವಾ,” ಎಂದಳು. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. “ದೂರದಿಂದ ಬಂದಾನಲ್ಲ, ದವಾಖಾನ್ಯಾಗ ಔಷಧ ಹಚ್ಚಿ ಮುಚ್ಯಾರ. ಸರಕಾರಿ ಹುಕುಂ ಅದ.”

“ಹೆತ್ತಾಕಿಗೂ ಹುಕುಂ?”

ದುಂಡಮ್ಮ ತೆವಳಿ ಬಂದು ಮುಚ್ಚಳ ತಡವಿದಳು. ಬಾವುಟದ ಬಟ್ಟೆ, ಅದರ ಕೆಳಗೆ ಕಟ್ಟಿಗೆ, ಅಂಚಿನಲ್ಲಿ ಮೊಳೆ. ಒಂದೊಂದು ಮೊಳೆಯ ತಲೆಯ ಮೇಲೂ ಬೆರಳು ನಿಲ್ಲಿಸಿ ಮುಂದೆ ಹೋದಳು. ಹೊರಗೆ ನೆರೆದ ಜನದಲ್ಲಿ ಯಾರು ಕೆಮ್ಮಿದರೂ ಈಗ ಹೇಳಿಬಿಟ್ಟರು ಎಂದು ಯಮನಮ್ಮನಿಗೆ ಎನಿಸುತ್ತಿತ್ತು.

ತುದಿ ಮುಟ್ಟಿದ ಮುದುಕಿ ಅಲ್ಲೇ ಹಣೆಯಿಟ್ಟಳು. “ಹೋಗ್ಲಿ ಬಿಡ್ರಿ,” ಎಂದಳು. “ನಿಂತು ನಿಂತು ಸಾಕಾಗಿತ್ತು ಅದಕ್ಕ. ಮಲಗಲಿ.”

*

ಮೊದಲ ರಜೆ ಮುಗಿಸಿ ಹೋಗುವಾಗ ಅಮೋಘಪ್ಪ ಕಲಬುರಗಿ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಅಕ್ಕನಿಗೆ ಸುಸಲಾ, ಮಿರ್ಚಿ ಕೊಡಿಸಿದ್ದ. ಅಂಗಿಯ ಮೇಲಿನ ರೆಕ್ಕೆಯ ಬಿಲ್ಲೆ ನೋಡಿ ಆಕೆ, “ಇದೇನೋ, ಕಾಗಿ ಪಲ್ಟನ್ನಾ?” ಎಂದು ನಕ್ಕಿದ್ದಳು. ಅವನು ಸುತ್ತ ನೋಡಿ, ಮೆಲ್ಲಗೆ ಎಲ್ಲ ಹೇಳಿದ. ಆಕೆಯ ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ಬಿತ್ತು.

“ಅಂಜಿಕಿ ಬರಂಗಿಲ್ಲೇನೋ?”

“ಬರ್ತದಕ್ಕಾ. ಬಾಳ ಬರ್ತದ. ಆದ್ರ ಜಿಗಿದ ಮ್ಯಾಲ ಮುಗೀತದ. ಹಾಡಿಂದು ಮುಗೀತಿರಲಿಲ್ಲ.” ಅವನು ಚಹಾದ ಬಸಿಯನ್ನು ಸುತ್ತ ತಿರುಗಿಸುತ್ತ ಕೂತ. “ಪೆಟ್ಟಿಗಿ ಮುಂದ ಕುಂತಾಗೊಮ್ಮೆ ಅಂಜಿಕಿ. ಇವತ್ತ ದನಿ ಒಡೀತದ, ಇವತ್ತ ಮಂದಿ ನಗ್ತಾರ ಅಂತ. ಚಪ್ಪಾಳಿ ಹೊಡದ್ರ ಇನ್ನೂ ಅಂಜಿಕಿ, ನಾಳಿ ಮತ್ತ ಹಾಡಬೇಕಲ್ಲ. ಉಸ್ತಾದರಿಗೆ ಹ್ಯಾಂಗ ಹೇಳ್ಲಿ? ಅವ್ವಗ ಹ್ಯಾಂಗ ಹೇಳ್ಲಿ? ಅಲ್ಲಿ ವಿಮಾನದ ಬಾಗಿಲದಾಗ ಯಾರೂ ನೋಡಂಗಿಲ್ಲ. ಹಿಂದಿನಾಂವ ಬೆನ್ನ ಮ್ಯಾಲ ಬಡೀತಾನ, ಹೋಗೋದು ಅಷ್ಟೇ.”

“ಅವ್ವ ನಿನ್ನ ಗೇಟ್ ಕಾಯಾಂವ ಅಂತ ತಿಳದಾಳ.”

“ತಿಳೀಲಿ. ಸುಳ್ಳೇನದ? ಬಾಗಿಲದಾಗೇ ನಿಂದ್ರತೀನಲ್ಲ.” ನಗಲು ನೋಡಿದ, ಆಗಲಿಲ್ಲ. ಅಂಗೈ ಚಾಚಿದ. “ಅಪ್ಪ ಬಿದ್ದಿದ್ದು ನೋಡ್ಯಾಳ ಆಕಿ. ನಾ ಸತ್ತರೂ ಹೇಳಬ್ಯಾಡ. ಮಾತು ಕೊಡು.”

“ಬಿಡ್ತು ಅನ್ನೋ ಮೂಳ,” ಎಂದು ತಲೆಗೆ ಮೊಟಕಿ, ಆಮೇಲೆ ಮಾತು ಕೊಟ್ಟಳು.

ಅವನ ಅಂಜಿಕೆ ಜಿಗಿದ ಮೇಲೆ ಮುಗಿಯುತ್ತಿತ್ತು. ಯಮನಮ್ಮನದು ಆ ಕ್ಯಾಂಟೀನಿನಲ್ಲಿ ಶುರುವಾಯಿತು. ಎಲ್ಲೋ ಮೇಲೆ ವಿಮಾನದ ಸದ್ದಾದರೆ ಬೇಳೆ ಕೇರುತ್ತಿದ್ದ ಕೈ ನಿಲ್ಲುತ್ತಿತ್ತು. ಮಿಲ್ಲಿನ ಫೋನು ರಿಂಗಾದರೆ ಮೊರ ಕೆಳಗಿಟ್ಟು ಆಫೀಸಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು.

*

ಹೊಲದಲ್ಲಿ, ಅಪ್ಪನ ಗದ್ದುಗೆಯ ಪಕ್ಕದಲ್ಲೇ ಕುಣಿ ತೆಗೆದಿದ್ದರು. ಕಲಬುರಗಿಯಿಂದ ಆಟೋ ಮಾಡಿಕೊಂಡು ಕರೀಂಸಾಬರೂ ಬಂದರು. ಎಂಬತ್ತರ ಹತ್ತಿರದ ಜೀವ, ಗಡ್ಡವೆಲ್ಲ ಹತ್ತಿ. ಯಮನಮ್ಮ ಓಡಿಹೋಗಿ ಅವರ ಕಿವಿಯಲ್ಲೂ ಅದೇ ಹೇಳಿದಳು. ಹೇಳುವುದಿಲ್ಲವೆಂದು ಅವರು ಅವಳ ತಲೆ ಸವರಿ, “ನಹೀ ಬೋಲೂಂಗಾ ಬೇಟಿ,” ಎಂದರು.

ಸಿಪಾಯಿಗಳು ಬಂದೂಕು ಮೇಲೆತ್ತಿ ಮೂರು ಸಲ ಹೊಡೆದರು. ಬಾಳೆತೋಟದಿಂದ ಹಕ್ಕಿಗಳು ಎದ್ದವು. ದುಂಡಮ್ಮ ಮಗಳ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಳು.

“ಗೇಟ್ ಕಾಯಾವಗ ಇಷ್ಟು ಬಂದೂಕ ಯಾಕ?”

“ಸರಕಾರಿ ನೌಕರಿ ಅಲ್ಲೇನು ಯವ್ವಾ. ಎಲ್ಲಾರಿಗೂ ಹಾರಸ್ತಾರ.”

ಇದೂ ಮುಗಿಯಿತು. ಇನ್ನು ಮಣ್ಣು ಹಾಕುವುದಷ್ಟೇ. ಮುಂಜಾನೆಯಿಂದ ಮೊದಲ ಸಲ ಯಮನಮ್ಮನ ಉಸಿರು ಪೂರ್ತಿ ಒಳಗೆ ಹೋಯಿತು.

“ಉಸ್ತಾದರು ಬಂದಾರೇನು?” ದುಂಡಮ್ಮ ಕೇಳಿದಳು.

“ಇಲ್ಲೇ ಇದ್ದೀನಿ ಬಹೆನ್.”

ದನಿ ಬಂದ ಕಡೆ ಮುದುಕಿ ಮೆಲ್ಲಗೆ ನಡೆದಳು. ಹತ್ತಿರ ಹೋಗಿ ಕೂತಳು. ಎರಡೂ ಕೈ ಚಾಚಿ ಅವರ ಪಾದ ಹುಡುಕಿ ಹಿಡಿದಳು.

“ಮಾಫ್ ಮಾಡ್ರಿ ಉಸ್ತಾದರೇ. ಆರು ವರ್ಷ ನಿಮ್ಮ ಕೂಳು ತಿಂದು, ನಿಮ್ಮ ವಿದ್ಯಾ ಕಲ್ತು, ಯಾರದೋ ಗೇಟಿಗಿ ಹೋಗಿ ನಿಂತ. ಅಂಜುಬುರಕ ಇದ್ದ ಅದು, ಸಣ್ಣಾಂವ ಇದ್ದಾಗಿಂದ. ನಿಮ್ಮ ವಿದ್ಯಾಕ್ಕ ಮಣ್ಣ ಹಾಕಿದ. ಮಾಫ್ ಮಾಡಿ ಕಳಸ್ರಿ ಅವನ್ನ. ಇಲ್ಲಾಂದ್ರ ಅವಗ ಗತಿ ಇಲ್ಲ.”

ಕರೀಂಸಾಬರು ಬಗ್ಗಿ ಅವಳ ಕೈ ಬಿಡಿಸಲು ನೋಡಿದರು. ಯಮನಮ್ಮನ ಕಡೆ ನೋಡಿದರು. ತುಕಾರಾಮನಿಗೆ ಕನ್ನಡ ತಿಳಿಯದಿದ್ದರೂ ಗೇಟು ಎಂಬ ಮಾತೂ, ಕಾಲು ಹಿಡಿದದ್ದೂ ತಿಳಿಯಿತು. ಅವನು ಮುಖ ತಿರುಗಿಸಿದ. ಎಲ್ಲರೂ ಯಮನಮ್ಮ ಬೇಡಿಕೊಂಡಂತೆಯೇ ನಡೆದುಕೊಂಡಿದ್ದರು.

ಅವಳು ಹೋಗಿ ಅವ್ವನ ಪಕ್ಕದಲ್ಲಿ ಕೂತಳು.

“ಕಾಲ ಬಿಡು ಯವ್ವಾ. ಅಂವ ಗೇಟ್ ಕಾಯಾಂವ ಅಲ್ಲ.”

“ಏನಂದಿ?”

“ವಿಮಾನದಾಗಿಂದ ಜಿಗೀತಿದ್ದ. ಬೆನ್ನಿಗಿ ಛತ್ರಿ ಕಟಗೊಂಡು. ಪಾರಾ ಅಂದ್ರ ಅದು. ಸಾವಿರ ಮಂದ್ಯಾಗ ಒಬ್ಬಿಬ್ಬರಿಗಷ್ಟ ಆಗೋ ಕೆಲಸ. ಎದಿನೋವಲ್ಲ ಯವ್ವಾ. ಕಾಡಿನ್ಯಾಗ ಗುಂಡು ತಾಕಿ ಹೋಗ್ಯಾನ. ನಾ ಸುಳ್ಳ ಹೇಳೀನಿ.”

ದುಂಡಮ್ಮನ ಕೈ ಪಾದಗಳ ಮೇಲಿನಿಂದ ಎದೆಗೆ ಹೋಯಿತು. ಯಮನಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಬೆರಳು ಸೆರಗನ್ನು ಮುದುಡಿ ಹಿಡಿದವು. ತುಟಿ ಬಿಳುಚಿದವು. ರೇವಮ್ಮ ನೀರಿಗೆ ಓಡಿದಳು. ಇದೇ, ಇದೇ ಈಗ ಎಂದುಕೊಂಡು ಯಮನಮ್ಮ ಅವಳ ಬೆನ್ನಿಗೆ ತೋಳು ಕೊಟ್ಟಳು.

“ಎಷ್ಟ ಸಲ?” ಎಂದಳು ಮುದುಕಿ.

ಯಮನಮ್ಮ ಹಿಂದಿಯಲ್ಲಿ ಕೇಳಿದಳು, ತುಕಾರಾಮ ಹೇಳಿದ. “ನೂರರ ಮ್ಯಾಲಂತ ಯವ್ವಾ.”

“ಒಮ್ಮಿನೂ ಬೀಳಲಿಲ್ಲ?”

ಯಮನಮ್ಮ ಅದನ್ನೂ ಕೇಳಿದಳು. ಈ ಸಲ ತುಕಾರಾಮ ತಾನೇ ಬಂದು ಮುದುಕಿಯ ಮುಂದೆ ಮೊಣಕಾಲೂರಿದ. ಕಿವಿಯ ಹತ್ತಿರ, ಜೋರಾಗಿ, “ಏಕ್ ಬಾರ್ ಭೀ ನಹೀ ಗಿರಾ, ಅಮ್ಮಾ,” ಎಂದ.

ಒಮ್ಮೆಯೂ ಬೀಳಲಿಲ್ಲ ಎಂಬುದನ್ನು ಯಾರೂ ಕನ್ನಡ ಮಾಡಿ ಹೇಳಬೇಕಾಗಲಿಲ್ಲ. ದುಂಡಮ್ಮ ನೆಲಕ್ಕೆ ಕೈಯೂರಿ ಎದ್ದಳು. ಭಾಗಪ್ಪ ಹಿಡಿಮಣ್ಣನ್ನು ಅವಳ ಅಂಗೈಗೆ ಹಾಕಿ, “ಹಾಕವ್ವಾ,” ಎಂದರು. ಅವಳು ಹಾಕಲಿಲ್ಲ. ಮಣ್ಣು ಹಿಡಿದುಕೊಂಡೇ, ಪೊರೆಗಟ್ಟಿದ ಕಣ್ಣುಗಳನ್ನು ಮೇಲೆತ್ತಿ, ಇಳಿಬಿಸಿಲಿನ ಬಿಳಿ ಆಕಾಶದಲ್ಲಿ ಇಷ್ಟಿಷ್ಟೇ ಕತ್ತು ತಿರುಗಿಸುತ್ತ ಹುಡುಕತೊಡಗಿದಳು. ಬೆರಳುಗಳ ಸಂದಿಯಿಂದ ಮಣ್ಣು ಉದುರುತ್ತಿತ್ತು.

ಯಮನಮ್ಮ ತಮ್ಮನಿಗೆ ಕೊಟ್ಟ ಮಾತನ್ನು ಮುರಿದಿದ್ದಳು.