ತೊಟ್ಟಿಲ ಸರಪಣಿ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಕಮಲಮ್ಮನ ಕೈ ಅಲುಗಿದ್ದೇ ಇಲ್ಲ. ಎಪ್ಪತ್ತು ದಾಟಿದ ಮೇಲೂ ಆ ಒಂದು ವಿಷಯದಲ್ಲಿ ಅವರಿಗೆ ಸಣ್ಣ ಜಂಬವಿತ್ತು. ಶಿವನಿಗೂ ಅದು ಗೊತ್ತಿದ್ದಿರಬೇಕು.

ದೊಡ್ಡನೆಕ್ಕುಂದಿಯಲ್ಲಿ ಅವರ ಮಗ ವಿನಾಯಕ್ ಬಾಡಿಗೆಗಿದ್ದುದು ಮೊದಲನೇ ಮಹಡಿಯಲ್ಲಿ. ಕೆಳಗೆ ಮನೆಯ ಯಜಮಾನ ನಂಜಪ್ಪ, ಹೆಂಡತಿ ಲಕ್ಷ್ಮಮ್ಮ, ಬಾಣಂತನಕ್ಕೆ ಬಂದ ಮಗಳು ಯಮುನಾ, ಅವಳ ನಲವತ್ತು ದಿನದ ಕೂಸು. ತೊಂಬತ್ತಾರರ ಶ್ರಾವಣದಲ್ಲಿ ಎರಡು ಮನೆಗಳ ನಡುವೆ ಮುನಿಸು ಹುಟ್ಟಿದ್ದು ಈ ಕೂಸಿನಿಂದ, ಮತ್ತು ವಿನಾಯಕನ ಮಗಳು ಸ್ಪೂರ್ತಿಯ ಡ್ರಮ್ ಸೆಟ್ಟಿನಿಂದ. ಕಾಲೇಜುಗಳ ಸ್ಪರ್ಧೆಗೆ ಹನ್ನೆರಡೇ ದಿನ ಉಳಿದಿತ್ತು. ಸಂಜೆ ಅವಳು ಬಾರಿಸತೊಡಗಿದರೆ ಸಾಕು, ಕೆಳಗೆ ಕೂಸು ಬೆಚ್ಚಿ ಚೀರುತ್ತಿತ್ತು.

“ಭಾನುವಾರದ ಗಂಟ ನೋಡ್ತೀನಿ ಸಾರ್,” ಎಂದರು ನಂಜಪ್ಪ. “ಆಮೇಲೆ ಆ ಡೋಲು ಓಗ್ಬೇಕು, ಇಲ್ಲಾ ನೀವ್ ಓಗ್ಬೇಕು.”

“ಡೋಲಲ್ಲ ಅಂಕಲ್, ಡ್ರಮ್ಸ್!” ಎಂದಳು ಸ್ಪೂರ್ತಿ.

“ನಮ್ ಕೂಸ್ಗೆ ಎರಡೂ ಒಂದೇ ಕಣವ್ವ.”

ಸದ್ದು ತಡೆಯುತ್ತದೆಂಬ ಯಾರದೋ ಮಾತು ಕೇಳಿ ವಿನಾಯಕ್ ಮೊಟ್ಟೆಯ ಟ್ರೇಗಳನ್ನು ಪೇಪರಿನಲ್ಲಿ ಸುತ್ತಿ ತಂದು ಗೋಡೆಗೆಲ್ಲ ಬಡಿದ.

“ಮೊಟ್ಟೆ ಇಲ್ಲವ್ವ, ಬರೀ ಟ್ರೇ.”

“ತರೋವಾಗ ಯಾರರ ನೋಡಿದ್ರೇನೋ?” ಎಂದು ಕಮಲಮ್ಮ ಪಿಸುಗುಟ್ಟಿದರು.

ದೊಡ್ಡ ಡ್ರಮ್ಮಿನ ಹೊಟ್ಟೆಗೆ ದಿಂಬು ತುರುಕಿದ್ದಾಯಿತು. ತಾಯಿಯ ಪೂಜೆಯ ಕಂಬಳಿಯೂ ಬಾಗಿಲಿಗೆ ಪರದೆಯಾಯಿತು. ಸದ್ದು ಅರ್ಧಕ್ಕಿಳಿಯಿತು, ಕೂಸಿನ ಚೀರಾಟ ಮಾತ್ರ ಇಳಿಯಲಿಲ್ಲ.

ಗುರುವಾರ ಸಂಜೆ ಕಮಲಮ್ಮ ಕಂಬಳಿಯಿಲ್ಲದೆ ಬರಿ ನೆಲದ ಮೇಲೆ ಪೂಜೆಗೆ ಕೂತರು. ಪಕ್ಕದ ಕೋಣೆಯಲ್ಲಿ ಸ್ಪೂರ್ತಿ ಶುರುಮಾಡಿದ್ದೇ ಅಂಗೈಯ ಲಿಂಗ ನಡುಗಿತು. ತನ್ನ ಕೈಯೇ ಸೋತಿತೇ ಎಂದುಕೊಂಡರು. ಕಣ್ಣು ಹೊರಳಿಸಿದರೆ ನೆಲದ ಮೇಲಿದ್ದ ಲೋಟದ ನೀರೂ ನಡುಗುತ್ತಿದೆ. ಆದರೆ ಬಟ್ಟೆ ಸುತ್ತಿ ಮಾಡಿದ ಸಿಂಬಿಯ ಮೇಲೆ ಕೂತಿದ್ದ ತಾಮ್ರದ ಬಿಂದಿಗೆಯಲ್ಲಿ ನೀರು ನಿಶ್ಚಲ! ಪೂಜೆಯನ್ನು ಅವರು ಅರ್ಧಕ್ಕೆ ಬಿಟ್ಟೇಳಲಿಲ್ಲ. ಅಂದಿನ ವಚನಗಳು ಮಾತ್ರ ಕೊಂಚ ಅವಸರದಲ್ಲಿ ಮುಗಿದವು.

“ವಿನಾಯಕಾ, ಕೂಸಿನ ತೊಟ್ಟಿಲು ಎಲ್ಲಿ ಕಟ್ಯಾರೋ?”

“ನಮ್ಮ ಈ ಕೋಣೆ ಕೆಳಗೇ. ಅವರ ಸೂರಿನ ಕೊಂಡಿಗೆ.”

“ಅವರ ಸೂರು ಅಂದ್ರೆ ನಮ್ಮ ನೆಲ ಅಲ್ಲೇನು? ಅದುರು ನೆಲದಾಗ ಇಳಿದು, ಸರಪಣಿ ಹಿಡಕಂಡು ಕೂಸಿನ ತನಕ ಹೋಗ್ತೈತಿ. ನೀನು ಗೋಡೆಗೆ ಟ್ರೇ ಬಡೀತಿದ್ದಿ! ಆ ಡೋಲಿಗೊಂದು ಸಿಂಬಿ ಇಡೋ.”

ವಿನಾಯಕ್ ಹಣೆ ಚಚ್ಚಿಕೊಂಡ. “ಅವ್ವಾ, ಹನ್ನೆರಡು ವರ್ಷದಿಂದ ಕಾರ್ಖಾನೇಲಿ ನೆಲ ಅದುರಬಾರದಂತ ಪ್ರೆಸ್ ಮೆಷಿನ್ ಅಡಿಗೆ ರಬ್ಬರ್ ಕೂರಿಸೋದೇ ನನ್ನ ಕೆಲಸ!”

“ಬುದ್ಧೀನ ಗೇಟಿನಾಗ ಬಿಟ್ಟು ಬರ್ತೀಯೇನೋ ಮತ್ತೆ?”

ಕರಿಬಸಪ್ಪನ ಪಂಕ್ಚರ್ ಅಂಗಡಿಯಿಂದ ಸ್ಕೂಟರಿನ ನಾಲ್ಕು ಹಳೇ ಟ್ಯೂಬು ಬಂದವು. ಅವಕ್ಕೆ ಅರ್ಧ ಗಾಳಿ ತುಂಬಿ, ಸಿಂಬಿಗಳಂತೆ ಮಲಗಿಸಿ, ಮೇಲೆ ಹಳೇ ಮಂಚದ ಹಲಗೆ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಡ್ರಮ್ಮುಗಳು, ಸ್ಪೂರ್ತಿಯ ಸ್ಟೂಲು ಕೂಡ. ಒಂದೂ ನೆಲಕ್ಕೆ ತಾಗಲಿಲ್ಲ, ಗೋಡೆಗೆ ತಾಗಲಿಲ್ಲ.

ಭಾನುವಾರ ಸಂಜೆ ಪೂಜೆ ಮುಗಿಸಿ ಕಮಲಮ್ಮ ಕೆಳಗಿಳಿದರು. ತೊಟ್ಟಿಲಲ್ಲಿ ಕೂಸು ನಿದ್ದೆ ಹೋಗಿತ್ತು. ನಂಜಪ್ಪ ಗಡಿಯಾರ ನೋಡುತ್ತ ನಿಂತಿದ್ದರು. ಮೇಲೆ ಸ್ಪೂರ್ತಿ ಶುರುಮಾಡಿದಳು. ದೂರದ ಬೀದಿಯಲ್ಲಿ ಯಾರೋ ಬಟ್ಟೆ ಒಗೆಯುವಷ್ಟು ಸದ್ದು. ಕೂಸು ತುಟಿ ಚಪ್ಪರಿಸಿ ಮಗ್ಗುಲಿಗೆ ಮುಖ ಹೊರಳಿಸಿತು, ಅಷ್ಟೆ.

ಕಮಲಮ್ಮ ಮೆಲ್ಲಗೆ ಸರಪಣಿ ಹಿಡಿದರು. ಸಣ್ಣದಾಗಿ ನಡುಗುತ್ತಿತ್ತು! ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈಗಷ್ಟೇ ಲಿಂಗ ಹಿಡಿದ ಕೈ ಅದು.

“ಲಕ್ಷ್ಮಮ್ಮ, ಸುಳ್ಳು ಯಾಕೆ ಹೇಳ್ಲಿ? ಇನ್ನೂ ಒಂಚೂರು ನಡುಗ್ತೈತಿ.”

ಲಕ್ಷ್ಮಮ್ಮ ತಾವೇ ಸರಪಣಿ ಮುಟ್ಟಿ ನೋಡಿದರು. ಕಮಲಮ್ಮನ ಕೈಯನ್ನು ಅದರಿಂದ ಬಿಡಿಸಿ ಗಾಳಿಯಲ್ಲಿ ಹಿಡಿದರು. ಅಲ್ಲಿಯೂ ಅದು ನಡುಗುತ್ತಲೇ ಇತ್ತು.

“ನಡುಗ್ತಿರೋದು ನಿಮ್ ಕೈ ಕಣಮ್ಮೋ! ಮೊಮ್ಮಗಳ ಡೋಲು ಓಗ್ಬಿಡ್ತದೆ ಅಂತ ಇಷ್ಟೊಂದ್ ಎದ್ರುಕೊಂಡ್ಬಿಟ್ರಾ?”

ನಂಜಪ್ಪ ಕೂಸು ಎದ್ದೀತೆಂದು ಟವೆಲ್ಲನ್ನು ಬಾಯಿಗೊತ್ತಿಕೊಂಡು ನಕ್ಕರು. “ಬಾರಿಸ್ಲಿ ಬಿಡಿ ಅಮ್ಮ. ಗೆದ್ದು ಬರ್ಲಿ.”

ಮೇಲೆ ಸ್ಪೂರ್ತಿ ಅದೇ ತಾಳವನ್ನು ಮತ್ತೆ ಮೊದಲಿಂದ ಹಿಡಿದಳು. ಅದು ಮುಗಿಯುವವರೆಗೂ ಲಕ್ಷ್ಮಮ್ಮ ಕಮಲಮ್ಮನ ಕೈ ಬಿಡಲಿಲ್ಲ.