ಹಂಚಿಕೆಯ ಕಾರಿನಲ್ಲಿ ಹಸಿರು ಸೀರೆ

ಮಲ್ಲಿಗೆ, ಮಲ್ಲಿಗೆಯ ಜೊತೆ ಕಳಿತ ಬಾಳೆಹಣ್ಣು, ಎ.ಸಿ.ಯ ತಣ್ಣನೆ ಗಾಳಿಯಲ್ಲಿ ಎರಡೂ ಬೆರೆತು ದೇವೀರಮ್ಮನ ಮೂಗಿನಲ್ಲೇ ಕೂತಿವೆ, ಪಕ್ಕದ ಹೆಂಗಸಿನ ಮಡಿಲಲ್ಲಿರುವ ತಟ್ಟೆಯ ಅಂಚು ಇವಳ ಮೊಣಕೈಯನ್ನು ಒತ್ತುತ್ತಿದೆ, ಸರಿಯೋಣವೆಂದರೆ ಇತ್ತ ಬಾಗಿಲು, ಅದು ಒಳಗಿನಿಂದ ತೆಗೆಯಲು ಬಾರದ ಬಾಗಿಲಂತೆ — ತೊಡೆಯ ಮೇಲೆ ಕವರು, ಕವರಿನ ಮೇಲೆ ಎರಡೂ ಕೈ, ಈ ತಟ್ಟೆಗೆ ಇದು ತಾಗಬಾರದು ಶಿವನೇ, ಅದು ಆ ಹೆಂಗಸಿನ ಮಗಳ ನಿಶ್ಚಿತಾರ್ಥದ ತಟ್ಟೆ, ಇದು ನಾದಿನಿ ಚಲುವಮ್ಮನ ಹೆಣಕ್ಕೆ ಹೊದಿಸುವ ಸೀರೆ. ಮುತ್ತೈದೆ ಸಾವು, ಹಸಿರೇ ಆಗಬೇಕು, ತವರಿನ ಸೀರೆ ಬೀಳದೆ ಹೆಣ ಎತ್ತುವ ಹಾಗಿಲ್ಲ, ಬೆಳಿಗ್ಗೆ ಸುದ್ದಿ ಬಂದದ್ದೇ ತಡ ಗಂಡ ನಿಂಗಯ್ಯ ಯಾರದೋ ಬೈಕಿನ ಹಿಂದೆ ಹತ್ತಿ ಮಳವಳ್ಳಿಗೆ ಹೊರಟುಬಿಟ್ಟ, ಅಂಗ್ಡಿ ತೆಗುದ್ ಮ್ಯಾಕೆ ಸೀರೆ ತಕ್ಕೊಂಡು ಬಾರಮ್ಮಿ, ನಮ್ ಚಲುವಿ ತವ್ರಿಲ್ದೋಳಂಗೆ ಓಗ್ಬಾರ್ದು — ಮನೆಯ ಓಮ್ನಿ ವ್ಯಾನು ಇದ್ದಿದ್ದರೆ ಇಬ್ಬರೂ ಸೀರೆ ಅಂಗಡಿಯ ಮುಂದೆಯೇ ಕಾಯುತ್ತಿದ್ದರು, ಬಿಳಿ ಓಮ್ನಿ, ಎತ್ತಿ ಎಳೆದರೇ ಮುಚ್ಚುತ್ತಿದ್ದ ಬಾಗಿಲು, ಸೀಟಿನ ಕೆಳಗೆ ಯಾವಾಗಲೂ ಎರಡು ತೆಂಗಿನಕಾಯಿ, ಅದರೊಳಗೆ ಕೂತು ಎಷ್ಟು ಸಾವಿಗೆ ಹೋಗಿಲ್ಲ, ದಾರಿಯುದ್ದಕ್ಕೂ ಅತ್ತರೂ ಯಾರು ಕೇಳುತ್ತಿದ್ದರು, ಮಗ ರಘುನಂದನ ಅದನ್ನು ಮಾರಿಸಿದ, ನಿಂತಿರೋ ಗಾಡಿನ ಯಾಕವ್ವ ಸಾಕೋದು, ಪ್ಯಾಟೆಯೋರೆಲ್ಲ ಮಾರ್ಕೊತಾವ್ರೆ, ಬೇಕಾದಾಗ ಫೋನಲ್ಲಿ ಬೆರಳಾಡ್ಸುದ್ರೆ ಬಾಗ್ಲಿಗೇ ಬತ್ತದೆ. ಇವತ್ತು ಬೆರಳಾಡಿಸಿ ಆಡಿಸಿ ಅವನ ಮುಖ ಬಾಡಿತು, ಮಳವಳ್ಳಿಗೆ ಒಂದು ಕಾರೂ ಒಪ್ಪಲಿಲ್ಲ, ಬೆಂಗಳೂರಿಗೆ ಹೋಗುವ ಕಾರಿನಲ್ಲಿ ಒಂದು ಸೀಟು ಸಿಕ್ಕಿತು, ಮದ್ದೂರು ದಾಟುದ್ ಮ್ಯಾಕೆ ಸಿಗೋ ನಿಡಘಟ್ಟ ಅಂತ ಹಾಕಿವ್ನಿ ಕಣವ್ವ, ಮದ್ದೂರು ತೋರ್ಸ್ತಾನೇ ಇಲ್ಲ, ಗೆಜ್ಜಲಗೆರೆ ಬತ್ತಿದ್ದಂಗೆ ನೀನೇ ಬಾಯ್ಬುಟ್ಟು ಕೇಳು, ಮ್ಯಾಲಿನ ರೋಡು ಮದ್ದೂರೊಳಕ್ಕೆ ಓಗಕಿಲ್ಲ, ಕೆಳಗಿನ ರೋಡಲ್ಲಿ ಓಗಪ್ಪಾ ಅನ್ನು, ಮದ್ದೂರಲ್ಲಿ ನಮ್ ನೆಂಟ್ರುಡ್ಗ ಮಹದೇವು ನಿನ್ನ ಮಳವಳ್ಳಿಗೆ ಕರ್ಕೊಂಡೋಗಾಕೆ ಬೈಕ್ ತಕ್ಕೊಂಡು ನಿಂತಿರ್ತಾನೆ.

ಬಾಯಿಬಿಡು ಎಂದರೆ, ಸಾವಿಗೆ ಹೊರಟವರು ದಾರಿಯಲ್ಲಿ ಬಾಯಿಬಿಡುತ್ತಾರೆಯೇ, ಅತ್ತೆ ಕಲಿಸಿದ್ದು ಅದನ್ನೇ, ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬಾರದು, ಎದುರಿಗೆ ಸಿಕ್ಕವರಿಗೆ ಹೇಳಬಾರದು, ಅದರಲ್ಲೂ ಹೂವಿನ ತಟ್ಟೆಯ ಮುಂದೆ — ಯಾವೂರ್ಗಕ್ಕ, ಎಂದಳು ಆ ಹೆಂಗಸು, ನಾವು ಚನ್ನಪಟ್ಣಕ್ಕೆ, ಛತ್ರದಲ್ಲಿ ಒಪ್ಗೆ ಶಾಸ್ತ್ರ, ನೆಂಟ್ರೆಲ್ಲ ಮೊದ್ಲೇ ವ್ಯಾನ್ ಹತ್ತಿ ಕೂತ್ಬುಟ್ರು, ಮದುಮಗಳಿಗೇ ಜಾಗ ಇಲ್ಲ ನೋಡಿ, ಎಂದು ನಕ್ಕಳು, ಅತ್ತ ಕಿಟಕಿಯ ಪಕ್ಕದಲ್ಲಿ ಮಗಳು ಅರ್ಪಿತಳೂ ನಕ್ಕಳು, ಮುದ್ದಾದ ಹುಡುಗಿ, ಕೈತುಂಬ ಮೆಹಂದಿ. ಮದ್ದೂರು, ಎಂದಳು ದೇವೀರಮ್ಮ. ಕವರು ನೋಡುದ್ರೆ ಮದ್ವೆ ಸೀರೆ ಇದ್ದಂಗದೆ? ಹೂಂ, ನಾದಿನಿಗೆ. ಹೂಂ ಎಂದದ್ದು ತನ್ನ ಬಾಯೇ? ಅಯ್ಯೋ ಅಕ್ಕ, ಈ ವಯಸ್ನಲ್ಲಿ ನಾದಿನಿಗೆ ಮದ್ವೆಯಾ, ಅರವತ್ತರ ಶಾಂತಿ ಅನ್ನಿ, ಪುಣ್ಯವಂತೆ ಬುಡಿ — ಹೌದು, ಪುಣ್ಯವಂತೆ, ಗಂಡನನ್ನು ಬಿಟ್ಟು ಮೊದಲೇ ಹೊರಟಳು, ಈಗ ಅಂಗಳದಲ್ಲಿ ಮಲಗಿಸಿರುತ್ತಾರೆ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿರುತ್ತಾರೆ, ಹೆಂಗಸರು ಬೀದಿಯ ತುದಿ ನೋಡುತ್ತಿರುತ್ತಾರೆ. ದೂರದಲ್ಲಿ ಗೆಜ್ಜಲಗೆರೆಯ ಕಾರ್ಖಾನೆ ಕಾಣುತ್ತಿದೆ, ಈಗ ಹೇಳಬೇಕು, ಕೆಳಗಿನ ರೋಡಲ್ಲಿ ಹೋಗಪ್ಪಾ, ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದಿದೆ, ಅಷ್ಟರಲ್ಲಿ ಆ ಹೆಂಗಸು, ಒಸಿ ತೋರ್ಸಿ ಅಕ್ಕ, ನಮ್ ಹುಡ್ಗಿಗೆ ಇಂಥಾ ಹಸ್ರು ಹುಡ್ಕಿ ಹುಡ್ಕಿ ಸಾಕಾಯ್ತು, ಬೇಡ ಎನ್ನುವುದರೊಳಗೆ ಕವರು ಆ ಹೆಂಗಸಿನ ಕೈಯಲ್ಲಿತ್ತು, ಮಡಿಕೆ ಬಿಚ್ಚಿತು, ಸೆರಗು ಹುಡುಗಿಯ ಭುಜದ ಮೇಲೆ ಬಿತ್ತು, ಹಸಿರು, ಎಲೆಹಸಿರು, ಜರಿಯಂಚು ಅವಳ ಕತ್ತಿಗೆ ತಾಗಿತು.

ಆ ಸೆರಗನ್ನೇ ಎಷ್ಟು ಹೊತ್ತು ನೋಡುತ್ತಿದ್ದಳೋ, ಸುತ್ತಲ ಮರಗಳೆಲ್ಲ ಕೆಳಗಿಳಿದು ಹೋಗಿದ್ದವು, ಬರೀ ಗೋಡೆ, ಗೋಡೆಯ ಆಚೆ ಆಕಾಶ, ಮದ್ದೂರು, ಮದ್ದೂರಪ್ಪಾ, ಎಂದಳು ಕೊನೆಗೂ. ಮದ್ದೂರು ಕೆಳಗಡೆ ಐತೆ ಕಣಮ್ಮ, ಎಂದ ಚಾಲಕ ಕನ್ನಡಿಯಲ್ಲಿ ನೋಡಿ, ಇದು ಮ್ಯಾಲಿನ ರೋಡು, ಮೊದ್ಲೇ ಹೇಳ್ಬಾರ್ದಾ, ಇಲ್ಲಿ ನಿಲ್ಸಂಗಿಲ್ಲ ತಿರುಗ್ಸಂಗಿಲ್ಲ, ನಿಂದು ನಿಡಘಟ್ಟ ಅಂತ್ಲೇ ಬಂದಿರಾದು. ಓಮ್ನಿಯಾಗಿದ್ದರೆ ನಿಂಗಯ್ಯನ ತೋಳು ಜಗ್ಗಿದ್ದರೆ ಸಾಕಿತ್ತು, ಈ ಕಾರಿನಲ್ಲಿ ಜಗ್ಗಲು ಯಾರ ತೋಳಿದೆ, ಗೋಡೆಯ ಮೇಲೆ ಮದ್ದೂರಿನ ನೀರಿನ ಟ್ಯಾಂಕುಗಳ ತಲೆಗಳು ಮಾತ್ರ ಓಡುತ್ತಿವೆ, ಅವುಗಳ ಕೆಳಗೆಲ್ಲೋ ಮಹದೇವು. ಫೋನು. ನಿಂಗಯ್ಯ. ಎಲ್ಲಿದ್ದೀಯೆ, ಎಲ್ರೂ ನನ್ ಮೊಖನೇ ನೋಡ್ತಾವ್ರೆ, ಬಿಸ್ಲು ಏರ್ತಾದೆ, ತಡ್ಯಾಕಾಗಕಿಲ್ಲ, ಅವ್ಳ ಗಂಡನ್ ಮನೇದೇ ಒಂದು ಸೀರೆ ಹೊದಿಸ್ತೀವಿ ಅಂತವ್ರೆ, ಸೀರೆ ಕೈಲೈತಾ, ಅದ್ನಾರಾ ಹೇಳೇ. ಕೈಲಿಲ್ಲ. ಕೇಳಬೇಕು, ಕೊಡವ್ವ ಎನ್ನಬೇಕು, ಯಾಕಕ್ಕ ಅಳ್ತೀರಿ ಎಂದರೆ ಏನನ್ನುವುದು, ನಿನ್ನ ಮಗಳ ಮೈಮೇಲಿರುವುದು ಏನು ಗೊತ್ತೇ ಎನ್ನುವುದೇ, ಬಾಯ್ಬುಡೆ, ಬಾಯ್ಬುಡೆ ಎನ್ನುತ್ತಿದ್ದಾನೆ ನಿಂಗಯ್ಯ, ಹುಡುಗಿ ಫೋನನ್ನು ಎತ್ತಿ ಹಿಡಿದು ತನ್ನ ಪಟ ತೆಗೆದುಕೊಳ್ಳುತ್ತಿದ್ದಾಳೆ, ಭುಜ ವಾಲಿಸಿ, ನಗುತ್ತಾ, ಚಲುವಮ್ಮನ ಭುಜ ಬರಿದಾಗಿ ಬಿಸಿಲಲ್ಲಿದೆ, ಈ ಭುಜದ ಮೇಲೆ ಹಸಿರು, ಎಳೆಯ ಕತ್ತು, ಕತ್ತಿನ ಮೇಲೆ ಜರಿಯಂಚು, ಉಸಿರಾಡಿದಾಗಲೆಲ್ಲ ಏರಿ ಇಳಿಯುತ್ತಿರುವ ಹಸಿರು, ಏರಿ ಇಳಿಯುತ್ತಿರುವ