ಇನ್ನೊಬ್ಬರ ಚೂರು

ಇದು ಸ್ಪಷ್ಟವಾದರೆ ಅದು ಮಸುಕು, ಅದು ಸ್ಪಷ್ಟವಾದರೆ ಇದು ಮಸುಕು — ಅವಳ ಬೆರಳು ಸೂಕ್ಷ್ಮದರ್ಶಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ಹೊರಳಿಸಿತು, ಮತ್ತೆ ಕೂದಲೆಳೆಯಷ್ಟು ಮುಂದಕ್ಕೆ, ಜಠರದ ಒಳಪದರದ ನಾಲ್ಕು ಚೂರು ಒಂದು ಮಟ್ಟದಲ್ಲಿ, ಐದನೆಯದು, ಆ ಕ್ಯಾನ್ಸರ್ ಚೂರು, ಮಾತ್ರ ಒಂದು ಮೆಟ್ಟಿಲು ಮೇಲೆ, ಒಂದೇ ಗಾಜಿನ ಮೇಲೆ ಒಂದೇ ಸಲ ಬಣ್ಣ ಕುಡಿದವು ಹೀಗೆ ಮೇಲೆ ಕೆಳಗೆ ಏಕೆ ಕೂರುತ್ತವೆ, ಕಣ್ಣು ಸೋತಿರಬೇಕು, ಬೆಳಗ್ಗೆ ಬಂದವಳು ಇನ್ನೂ ಒಂದು ಲೋಟ ಚಹಾ ಕುಡಿದಿಲ್ಲ, ಇಲ್ಲ, ಕಣ್ಣು ಸೋತಿದ್ದರೆ ಎಲ್ಲವೂ ಮಸುಕಾಗಬೇಕಿತ್ತು, ಕಣ್ಣಿಗೆ ಪಕ್ಷಪಾತ ಗೊತ್ತಿಲ್ಲ. ಹೆಂಗಸು, ವಯಸ್ಸು ಮೂವತ್ತನಾಲ್ಕು, ಜಠರದಲ್ಲಿ ಹುಣ್ಣು, ಅಷ್ಟೇ ತಾನೇ ತನಗೆ ತಿಳಿದಿರುವುದು, ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ, ಒಳಗಿನ ಗೋಡೆ ಮಾತ್ರ ಗೊತ್ತು, ಮತ್ತು ಇದೇ ಹೊತ್ತಿನಲ್ಲಿ ಮೇಲಿನ ಮಹಡಿಯ ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ಆ ಹೆಂಗಸು ಟ್ರಾಲಿಯ ಮೇಲೆ ಮಲಗಿದ್ದಾಳೆ, ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಕರೆದೊಯ್ದು ಜಠರವನ್ನು ಪೂರ್ತಿ ತೆಗೆದುಬಿಡುತ್ತಾರೆ, ಏಕೆಂದರೆ ವರದಿ ಕ್ಯಾನ್ಸರ್ ಎನ್ನುತ್ತದೆ, ವರದಿಗೆ ದೊಡ್ಡ ಸರ್ ರುಜು ಹಾಕಿದ್ದಾರೆ, ದೊಡ್ಡ ಸರ್ ಎಂದರೆ ಈ ಪೆಥಾಲಜಿ ವಿಭಾಗದ ಮುಖ್ಯಸ್ಥರು, ಅವಳ ಗುರುಗಳು, ಈ ತಿರುಪು ಹೊರಳಿಸುವುದನ್ನು ಅವಳ ಬೆರಳಿಗೆ ಕಲಿಸಿದವರೇ ಅವರು. ಒಂದು ಅಂಗವನ್ನೇ ತೆಗೆಯುವ ಮುಂಚೆ ಇನ್ನೊಂದು ಜೋಡಿ ಕಣ್ಣು ಗಾಜನ್ನು ನೋಡಬೇಕು ಎಂಬುದು ಇಲ್ಲಿಯ ಕಟ್ಟಳೆ, ಆ ಇನ್ನೊಂದು ಜೋಡಿ ಇವಳದು, ಶಾಸ್ತ್ರಕ್ಕೆ ಒಂದು ನೋಟ, ಶಾಸ್ತ್ರಕ್ಕೆ ಒಂದು ರುಜು, ದೊಡ್ಡ ಸರ್ ಕಂಡದ್ದನ್ನು ತಾನು ಕಾಣೆ ಎಂದರೆ ಗುರುವಿಗೇ ತಿರುಮಂತ್ರ ಹಾಕಿದಳು ಎಂದು ಇಡೀ ಕಟ್ಟಡ ನಗುತ್ತದೆ, ಆದರೂ ಆ ಚೂರು ಒಂದು ಮೆಟ್ಟಿಲು ಮೇಲೆಯೇ ಇದೆ.

ಹೆಣ ಕೊಯ್ಯೋಕೆ ಅಷ್ಟೊಂದು ಓದ್ಬೇಕಿತ್ತೇನೇ, ಎಂದಿದ್ದಳು ಅತ್ತೆ, ಅಪ್ಪನ ತಂಗಿ, ಊಟದ ಮೇಜಿನ ಆ ತುದಿಯಿಂದ ಎಲ್ಲರಿಗೂ ಕೇಳುವ ಹಾಗೆ, ಕೈಗೆ ಬಂದ ಸರ್ಜರಿ ಸೀಟನ್ನು ಬೇಡವೆಂದು ಪೆಥಾಲಜಿಗೆ ಸೇರಿ ಬಂದ ದಿನ ಅದು, ಅಮ್ಮ ಸೌಟು ಹಿಡಿದವಳು ಹಿಡಿದಂತೆಯೇ ನಿಂತಿದ್ದಳು. ಹೆಣ ಅಲ್ಲ ಅತ್ತೆ, ಬದುಕಿರೋರದ್ದೇ, ಒಂದು ಚೂರು ತೆಗೆದು ಕಳಿಸ್ತಾರೆ, ಅದೇನು ಅಂತ ನಾವು ಹೇಳ್ಬೇಕು — ಹೇಳಿದ್ರೆ? — ಹೇಳಿದ್ರೆ ಅವರು ಚಿಕಿತ್ಸೆ ಕೊಡ್ತಾರೆ — ಓಹೋ, ಅಂದ್ರೆ ಒಲೆ ಮುಂದೆ ಬೇಯೋದು ನೀನು, ಬಡಿಸಿ ಹೆಸರು ತಗೊಳ್ಳೋದು ಅವರು. ಅತ್ತೆಯ ಬಾಯಿಗೆ ಬೀಗ ಹಾಕುವವರು ಆಗಲೂ ಹುಟ್ಟಿರಲಿಲ್ಲ, ಈಗಲೂ ಹುಟ್ಟಿಲ್ಲ, ಮತ್ತು ನಿಜ ಹೇಳಬೇಕೆಂದರೆ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಮದುವೆಮನೆಗಳಲ್ಲಿ ನೆಂಟರು ಮಂಡಿನೋವು ಹೊತ್ತುಕೊಂಡು ಬರುತ್ತಾರೆ, ಅದು ನನ್ನ ವಿಷಯ ಅಲ್ಲ ಎಂದರೆ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ, ನೆರೆಮನೆಯವರು ಕೇಳಿದರೆ ಅಮ್ಮ ದನಿ ತಗ್ಗಿಸಿ ಲ್ಯಾಬ್ ಡಾಕ್ಟರ್ ಎನ್ನುತ್ತಾಳೆ, ಮಗಳು ಅರ್ಧಕ್ಕೆ ಓದು ಬಿಟ್ಟವಳ ಹಾಗೆ. ಆ ಫೋನಿನ ವಿಷಯ ಇವರಿಗೆ ಹೇಗೆ ಹೇಳುವುದು, ಓದು ಮುಗಿಸಿ ಥಿಯೇಟರಿನ ಮೂಲೆಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ದಿನಗಳು, ಹೊಟ್ಟೆ ತೆರೆದಿದೆ, ದೀಪ ಉರಿಯುತ್ತಿದೆ, ಒಂದು ಚೂರು ಲ್ಯಾಬಿಗೆ ಹೋಗಿದೆ, ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದಾರೆ, ಗೋಡೆಯ ಫೋನು ಬಡಿದುಕೊಳ್ಳುತ್ತದೆ, ನರ್ಸ್ ಅದನ್ನು ಸರ್ಜನ್ನರ ಕಿವಿಗೆ ಹಿಡಿಯುತ್ತಾಳೆ, ಅತ್ತ ಕಡೆಯಿಂದ ಯಾರೋ ಒಂದೇ ಒಂದು ವಾಕ್ಯ ಹೇಳುತ್ತಾರೆ, ಯಾರ ಮಾತಿಗೂ ನಿಲ್ಲದ ಆ ಕೈ ಕತ್ತರಿಯನ್ನು ತಟ್ಟೆಗೆ ಹಾಕುತ್ತದೆ, ಕೆಟ್ಟದ್ದೇನಿಲ್ವಂತೆ, ಹೊಲಿದ್ಬಿಡೋಣ. ಅವತ್ತೇ ತೀರ್ಮಾನವಾಗಿತ್ತು, ಕತ್ತರಿ ಯಾರಾದರೂ ಹಿಡಿಯಲಿ, ತಾನು ಕೂರುವುದು ಆ ಫೋನಿನ ಅತ್ತ ಕಡೆ ಎಂದು.

ತಿರುಪು ಬಿಟ್ಟು ಚೂರಿನ ಮುಖವನ್ನೇ ನೋಡಿದಳು, ಉದ್ದುದ್ದ ಕೋಶಗಳು, ಬೆನ್ನಿಗೆ ಬೆನ್ನು ಒತ್ತಿಕೊಂಡು, ನಡುವೆ ಸತ್ತ ಕೋಶಗಳ ಕಸ, ಕಡು ನೇರಳೆ — ಕ್ಯಾನ್ಸರ್ ಹೌದು, ಎರಡು ಮಾತಿಲ್ಲ, ಸರ್ ಕಂಡದ್ದರಲ್ಲಿ ತಪ್ಪಿಲ್ಲ, ಆದರೆ ಇದನ್ನು ಎಲ್ಲೋ ನೋಡಿದ್ದೇನಲ್ಲ, ನಿನ್ನೆ, ಹೌದು, ನಿನ್ನೆಯೇ, ಅದೇ ಕಸ, ಅದೇ ನೂಕುನುಗ್ಗಲು, ಮುದುಕರೊಬ್ಬರ ದೊಡ್ಡ ಕರುಳು, ತಾನೇ ವರದಿ ಬರೆದದ್ದು. ಟ್ರೇ ಎಳೆದಳು, ಮುದುಕರ ಗಾಜು ಸಿಕ್ಕಿತು, ಇಟ್ಟು ನೋಡಿದಳು, ಅಣ್ಣತಮ್ಮಂದಿರ ಹೋಲಿಕೆಯಲ್ಲ ಇದು, ಅವನೇ ಇವನು, ಗಾಜುಗಳ ಸಂಖ್ಯೆಯೂ ಒಂದರ ಹಿಂದೆ ಒಂದು. ಅಂದರೆ — ಬೆನ್ನು ತಾನಾಗಿ ನೆಟ್ಟಗಾಯಿತು — ಅಂದರೆ ನೀರು. ಮೇಣದಲ್ಲಿ ಹುದುಗಿಸಿದ ಚೂರನ್ನು ಯಂತ್ರದ ಅಲಗು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುತ್ತದೆ, ಆ ಪದರವನ್ನು ಬೆಚ್ಚನೆ ನೀರಿನಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ, ಒಬ್ಬರದು ಮುಗಿದ ಮೇಲೆ ನೀರಿನ ಮೇಲ್ಭಾಗವನ್ನು ಕಾಗದದಿಂದ ಸವರಿ ತೆಗೆಯಬೇಕು, ತೆಗೆಯದಿದ್ದರೆ ಹಿಂದಿನವರ ಕಣವೊಂದು ತೇಲುತ್ತ ಉಳಿದು ಮುಂದಿನವರ ಗಾಜಿಗೆ ಹತ್ತಿಕೊಳ್ಳುತ್ತದೆ, ಹತ್ತಿದ್ದು ಮೇಲೆ ಕೂರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಇಲ್ಲಿ ಮುದುಕರ ಕರುಳಿನ ಕಾಯಿಲೆಗೆ ಈ ಹೆಂಗಸಿನ ಜಠರ ಹೋಗುವುದರಲ್ಲಿತ್ತು, ಕೈ ಆಗಲೇ ಫೋನಿನ ಮೇಲಿತ್ತು. ಸರ್, ಆ ಹೊಟ್ಟೆ ಆಪರೇಷನ್ ಶುರು ಮಾಡ್ಬೇಡಿ, ಸ್ವಲ್ಪ ತಡೀರಿ. ಏನಮ್ಮಾ ಇದು, ಎಂದರು ಸರ್ಜನ್, ನಾನು ಕೈ ತೊಳ್ಕೊಂಡು ನಿಂತಿದೀನಿ, ನಿಮ್ಮ ಗುರುಗಳೇ ರುಜು ಹಾಕಿದಾರಲ್ಲ. ಆ ಚೂರು ಈ ಪೇಷಂಟಿಂದಲ್ಲ ಅನ್ಸುತ್ತೆ ಸರ್. ಅನ್ಸುತ್ತಾ, ಅನ್ಸಿದ್ದಕ್ಕೆಲ್ಲ ಟೇಬಲ್ ಖಾಲಿ ಇಟ್ಕೊಂಡು ಕೂರೋಕಾಗುತ್ತಾ, ಆಕೆ ಬಸ್ ಓಡಿಸೋಳು, ಗಟ್ಟಿಗಿತ್ತಿ, ಅಂತೂ ಧೈರ್ಯ ಮಾಡ್ಕೊಂಡು ಬಂದಿದಾಳೆ, ಈಗ ಎಬ್ಬಿಸಿ ಕೂರಿಸಿ ಮತ್ತೆ ಕ್ಯಾನ್ಸರೇ ಅಂದ್ರೆ ನೀವು ಬಂದು ಹೇಳ್ತೀರಾ? ಬಂದು ಹೇಳ್ತೀನಿ ಸರ್, ಎಂದಳು, ಹೊಸ ಗಾಜು ಬರೋವರೆಗೆ ಮುಟ್ಬೇಡಿ, ಅಷ್ಟರಲ್ಲಿ ಒಂದು ಚಹಾ ಕುಡೀರಿ. ಕೈ ತೊಳೆದು ನಿಂತ ಸರ್ಜನ್ನರಿಗೆ ಚಹಾ ಕುಡಿಯಲು ಹೇಳಿದವರು ಈ ಆಸ್ಪತ್ರೆಯಲ್ಲಿ ಇದುವರೆಗೆ ಯಾರೂ ಇರಲಿಲ್ಲ.

ಲ್ಯಾಬಿನ ಟೆಕ್ನಿಷಿಯನ್ ರಿಬ್ಬನ್ ಅಕ್ಕ ಅಲಗು ಬದಲಿಸುತ್ತಿದ್ದಾಳೆ, ಮೇಣದ ಪದರಗಳನ್ನು ರಿಬ್ಬನ್ನಿನ ಹಾಗೆ ಹರಿಯಬಿಡುವವಳು ಎಂದು ಆ ಹೆಸರು, ಮುಖ ಮಾತ್ರ ಈಗ ಗಂಟು. ಏನ್ ಡಾಕ್ಟ್ರೇ, ನನ್ನ ನೀರಲ್ಲಿ ಕಸ ಇತ್ತು ಅಂತೀರಾ? ಅಕ್ಕ, ಬೈಯೋಕೆ ಬಂದಿಲ್ಲ, ಈ ಮೇಣದ ಅಚ್ಚನ್ನ ಇನ್ನೂ ಆಳಕ್ಕೆ ಕೊಯ್ದು ಕೊಡಿ, ಮೇಲಿಂದ ಕೆಳಗಿನವರೆಗೆ, ಹೊಸ ನೀರಲ್ಲಿ. ಅಕ್ಕ ಬೋಗುಣಿಯ ನೀರು ಚೆಲ್ಲಿ ಹೊಸದು ತುಂಬಿದಳು, ಆಮೇಲೆ ತನಗೇ ಎಂಬಂತೆ, ಇದನ್ನ ಕೊಯ್ದ ದಿನ ಪೇಪರ್ ಮುಗಿದಿತ್ತು, ಸ್ಟೋರಿಗೆ ಹೇಳಿ ಹೇಳಿ ಸಾಕಾಯ್ತು, ಬ್ರಷ್ಷಲ್ಲೇ ತೆಗೆದೆ. ಚಕ್ರ ತಿರುಗುತ್ತದೆ, ಪದರ ಹರಿಯುತ್ತದೆ, ಆಮೇಲೆ ಬಣ್ಣದ ತೊಟ್ಟಿಗಳು, ಒಂದರಿಂದ ಒಂದಕ್ಕೆ, ಆತುರ ಪಟ್ಟರೆ ಬಣ್ಣ ಹತ್ತುವುದಿಲ್ಲ, ಬಣ್ಣಕ್ಕೆ ಯಾರ ಭಯವೂ ಇಲ್ಲ, ಇವಳಿಗಿದೆ, ಫೋನಿನಲ್ಲಿ ಬಾರದ್ದು ಈಗ ಗೋಡೆಗೆ ಒರಗಿ ನಿಂತಾಗ ಬಂತು — ಹೊಸ ಗಾಜಿನಲ್ಲೂ ಆ ಚೂರು ಇದ್ದುಬಿಟ್ಟರೆ? ಮುದುಕರದೂ ಇವಳದೂ ಒಂದೇ ಥರದ ಕ್ಯಾನ್ಸರ್ ಆಗಿದ್ದು, ಪಕ್ಕಪಕ್ಕದ ಸಂಖ್ಯೆ ಬರೀ ಕಾಕತಾಳೀಯವಾಗಿದ್ದರೆ? ಆಗ ಮೇಲೆ ಹೋಗಬೇಕು, ಟ್ರಾಲಿಯ ಪಕ್ಕ ನಿಲ್ಲಬೇಕು, ಇಲ್ಲಮ್ಮ, ನಾನು ತಪ್ಪು ತಿಳ್ಕೊಂಡೆ, ನಿಮಗೆ ಇದೆ ಎನ್ನಬೇಕು, ಒಮ್ಮೆ ಹುಟ್ಟಿಸಿದ ಆಸೆಯನ್ನು ತಾನೇ ಹೊಸಕಬೇಕು, ಅದಕ್ಕಿಂತ ಸುಮ್ಮನೆ ರುಜು ಹಾಕಿದ್ದರೆ ಆಗುತ್ತಿತ್ತಲ್ಲ, ಇಲ್ಲ, ಆಗುತ್ತಿರಲಿಲ್ಲ, ಗೊತ್ತಾಗೋವರೆಗೂ ಮಾತಾಡ್ಬೇಡ, ಗೊತ್ತಾದ್ಮೇಲೆ ಸುಮ್ನಿರ್ಬೇಡ, ಎಂದು ಹೇಳಿಕೊಟ್ಟವರೂ ಅವರೇ, ದೊಡ್ಡ ಸರ್, ಅಗೋ ಬಾಗಿಲಲ್ಲಿ ಅವರದೇ ಚಪ್ಪಲಿ ಸದ್ದು, ಸರ್ಜನ್ ಫೋನ್ ಮಾಡಿರಬೇಕು, ಮಾಡದೆ ಇರುತ್ತಾರೆಯೇ.

ಏನಮ್ಮಾ, ನನ್ನ ಕ್ಯಾನ್ಸರ್ ಕಿತ್ಕೊಂಡ್ಯಂತೆ, ಎಂದರು ಸರ್, ನಗುತ್ತಿದ್ದಾರೋ ಉರಿಯುತ್ತಿದ್ದಾರೋ ಆ ಮುಖದಲ್ಲಿ ಯಾವತ್ತೂ ತಿಳಿಯದು, ಇಬ್ಬರು ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕದ ಆ ಬದಿಗೆ ಕೂತರು, ಈ ಬದಿಗೆ ಅವಳು, ಇಬ್ಬರ ಕಣ್ಣಿಗೂ ಒಂದೇ ಬೆಳಕು, ಗಾಜು ಇನ್ನೂ ಒದ್ದೆ, ಅಕ್ಕ ತುದಿಗಾಲಲ್ಲಿ ನಿಂತಿದ್ದಾಳೆ. ಮೊದಲ ಗಾಜು, ನಾಲ್ಕು ಚೂರು, ಗ್ರಂಥಿಗಳು ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ, ಒಂದು ಕಡೆ ಹುಣ್ಣಿನ ಕೆಂಪು, ಅಷ್ಟೇ, ಎರಡನೆಯ ಗಾಜು, ನಾಲ್ಕು, ಮೂರನೆಯದು, ನಾಲ್ಕು, ಕೊನೆಯ ಗಾಜು, ಮೇಣದ ತಳ, ನಾಲ್ಕೇ ನಾಲ್ಕು, ಐದನೆಯದು ಎಲ್ಲೂ ಇಲ್ಲ. ಚಿಕ್ಕ ಚೂರು, ಮೇಲಿನ ಪದರದಲ್ಲೇ ಮುಗಿದು ಹೋಗಿರಬಹುದಲ್ಲ, ಎಂದರು ಸರ್, ಪರೀಕ್ಷೆಯ ದಿನದ ದನಿ. ಕಳ್ಸಿದ್ದೇ ನಾಲ್ಕು ಸರ್, ಜೊತೆಗೆ ಬಂದ ಚೀಟಿಯಲ್ಲೇ ಇದೆ. ಗೊತ್ತು, ಒಂದು ಒಡೆದು ಐದಾಗಿದೆ ಅಂದ್ಕೊಂಡೆ. ಅವಳು ಹಳೆಯ ಗಾಜು ಇಟ್ಟಳು, ಪಕ್ಕದಲ್ಲಿ ಮುದುಕರ ಗಾಜು, ತಿರುಪನ್ನು ಅವರ ಕೈಗೇ ಬಿಟ್ಟಳು, ಆ ಬೆರಳು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ನಿಂತಿತು. ಥೂ, ಎಂದರು ಸರ್, ಒಂದು ಮೆಟ್ಟಿಲು ಮೇಲಿದೆ, ನಾನು ಒಂದು ಸಲಾನೂ ತಿರುಗಿಸಿ ನೋಡ್ಲಿಲ್ಲ, ಮುಖ ನೋಡಿದೆ, ಹೆಸರು ಹೇಳ್ದೆ, ಹೋದೆ. ಕನ್ನಡಕ ತೆಗೆದು ಒರೆಸಿಕೊಂಡರು, ತಾವೇ ಫೋನ್ ಎತ್ತಿ ಥಿಯೇಟರಿನ ಸಂಖ್ಯೆ ಒತ್ತಿದರು, ಅವಳ ಕಡೆ ಚಾಚಿದರು. ನೀವೇ ಹೇಳಿ ಸರ್. ಯಾಕೆ, ಕಂಡಿದ್ದು ನೀನು, ಹೇಳೋಳೂ ನೀನೇ, ಆ ವರದಿ ಹರಿದು ಹೊಸದು ಬರೆಯೋ ಕೆಲಸ ನನಗಿದೆ. ಒಂದೇ ವಾಕ್ಯ, ಅಷ್ಟು ವರ್ಷ ಕಾದಿದ್ದ ಒಂದೇ ವಾಕ್ಯ — ಸರ್, ಆಕೆಗೆ ಕ್ಯಾನ್ಸರ್ ಇಲ್ಲ, ಬರೀ ಹುಣ್ಣು. ಅತ್ತ ಕಡೆಯಿಂದ ಸರ್ಜನ್ ಮೆಲ್ಲಗೆ, ಗ್ಯಾರಂಟಿನಾ? ಗ್ಯಾರಂಟಿ, ಔಷಧಿ ಕೊಟ್ಟು ಮುಂದಿನ ತಿಂಗಳು ಇನ್ನೊಮ್ಮೆ ಚೂರು ತೆಗೆದು ಕಳಿಸಿ, ನಾನೇ ನೋಡ್ತೀನಿ. ಫೋನು ಇಡುವ ಮುಂಚೆಯೇ ಅವರು ಯಾರಿಗೋ ಕೂಗಿದ್ದು ಕೇಳಿಸಿತು, ರೀ ಸಿಸ್ಟರ್, ಆಯಮ್ಮನಿಗೆ ತಿನ್ನೋಕೆ ಏನಾದ್ರೂ ಕೊಡಿ, ನಿನ್ನೆಯಿಂದ ಉಪವಾಸ ಇದಾಳೆ.

ಗೆದ್ದೆ, ಗೆದ್ದೆ, ಎಂದುಕೊಳ್ಳುತ್ತ ಮೆಟ್ಟಿಲು ಹತ್ತುತ್ತಿದ್ದಾಳೆ, ಯಾರನ್ನು ಗೆದ್ದದ್ದು, ಗುರುಗಳನ್ನಲ್ಲ, ಅತ್ತೆಯನ್ನೂ ಅಲ್ಲ, ಅತ್ತೆಯನ್ನು ಗೆಲ್ಲಲು ಇನ್ನೊಂದು ಜನ್ಮ ಬೇಕು, ಲ್ಯಾಬಿನವರಿಗೆ ಮೇಲಿನ ಮಹಡಿಯಲ್ಲಿ ಏನು ಕೆಲಸ, ಏನೂ ಇಲ್ಲ, ಸುಮ್ಮನೆ ಹತ್ತುತ್ತಿದ್ದಾಳೆ, ಸಂತೋಷ ತಡೆಯಲಾಗುತ್ತಿಲ್ಲ, ಕಾಲು ತಾನೇ ಹೋಗುತ್ತಿದೆ. ಕಾರಿಡಾರಿನ ಕೊನೆಯಲ್ಲಿ ಟ್ರಾಲಿ, ಅದರ ಮೇಲೆ ಕಾಲು ಇಳಿಬಿಟ್ಟು ಕೂತ ಹೆಂಗಸು, ಅಗಲ ಹೆಗಲು, ಥಿಯೇಟರಿನ ಟೋಪಿ ಕಿವಿಯವರೆಗೆ ಜಾರಿದೆ, ತೆಗೆಯಲು ಯಾರಿಗೂ ನೆನಪಾಗಿಲ್ಲ, ಪಕ್ಕದಲ್ಲಿ ಗಂಡ ನೀರಿನ ಬಾಟಲಿ ಹಿಡಿದು ಅಳುತ್ತಿದ್ದಾನೆ, ಅವಳು ಅಳುತ್ತಿಲ್ಲ, ಅವಳು ತಿನ್ನುತ್ತಿದ್ದಾಳೆ, ಎರಡೂ ಕೈಯಲ್ಲಿ ಬನ್ ಹಿಡಿದು, ಸ್ಟೀರಿಂಗ್ ಹಿಡಿದ ಹಾಗೆ, ಅಂಚಿಗೆ ಹಲ್ಲು, ದವಡೆ ಆಡುತ್ತದೆ, ಗಂಟಲು ಏರಿ ಇಳಿಯುತ್ತದೆ. ಸಿಸ್ಟರ್, ಎಂದಳು ಇವಳನ್ನು ನೋಡಿ, ಬಾಯಿ ತುಂಬಾ ಬನ್, ಇನ್ನೊಂದು ತಿನ್ನಬಹುದಾ? ತಿನ್ನಿ, ಎಂದಳು, ಎಷ್ಟು ಬೇಕಾದ್ರೂ ತಿನ್ನಿ. ನಿಂತರೆ ತಾನೂ ಅತ್ತುಬಿಡುತ್ತೇನೆಂದು ಮುಂದೆ ನಡೆದಳು, ಕೆಳಗೆ ಟ್ರೇಗಳು ಕಾಯುತ್ತಿವೆ, ಸ್ಟೋರಿನವನ ಮೇಜಿನ ಮೇಲೆ ಕೂತಾದರೂ ಅಕ್ಕನಿಗೆ ಪೇಪರ್ ತರಿಸಬೇಕು — ಅಂಚಿಗೆ ಹಲ್ಲು, ದವಡೆ ಆಡುತ್ತದೆ — ಅಮ್ಮನಿಗೆ ಫೋನ್ ಮಾಡಬೇಕು, ಮಾಡಿ ಏನು ಹೇಳುವುದು, ಅಮ್ಮಾ, ಇವತ್ತು ಒಬ್ಬಳು ಬನ್ ತಿಂದಳು ಎನ್ನುವುದೇ, ಮುದುಕರ ಆಪರೇಷನ್ ಯಾವತ್ತೋ ಕೇಳಬೇಕು, ಅವರದಂತೂ ನಿಜವಾದದ್ದು, ಪಾಪ — ಎರಡೂ ಕೈಯಲ್ಲಿ ಬನ್ — ಚಹಾ, ಹೌದು, ಚಹಾ ಇನ್ನೂ ಕುಡಿದಿಲ್ಲ — ಅಂಚಿಗೆ ಹಲ್ಲು — ಮೆಟ್ಟಿಲ ನಡುವೆ ಕಾಲು ನಿಂತಿತು, ಮುಂದಿನ ಯೋಚನೆ ಬರಲಿಲ್ಲ, ದವಡೆ, ಗಂಟಲು, ಗಂಟಲು ಏರುತ್ತದೆ, ಇಳಿಯುತ್ತದೆ, ತುತ್ತು ಒಳಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಜಾಗ ಇದೆ.